182 ಲೀಟರ್ ಕಡಲು

ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯವರು ಕಡಲು ನೋಡಬೇಕೆಂದರೆ ಘಟ್ಟ ಇಳಿಯಬೇಕು. ಊರಲ್ಲಿ ಇರುವುದು ಕಲ್ಲಿನ ಹಳೆಯ ಗುಡಿಗಳು: ಶಾಂತಿನಾಥ ಬಸದಿ, ಸಹಸ್ರಲಿಂಗ ದೇವಾಲಯ, ತ್ರಿಮೂರ್ತಿ ನಾರಾಯಣ ಗುಡಿ. ಸುತ್ತ ಕಾಡು, ಗದ್ದೆ, ಕೆರೆ. ಒಂದು ಕಾಲಕ್ಕೆ ಇದು ನಾಗರಖಂಡ ಸೀಮೆಯ ಮುಖ್ಯ ಊರಾಗಿತ್ತು. ಹತ್ತನೆಯ ಶತಮಾನದ ಶುರುವಿನಲ್ಲಿ ಜಕ್ಕಿಯಬ್ಬೆ ಎಂಬಾಕೆ ಈ ಸೀಮೆಯನ್ನು ಆಳಿದಳೆಂದು ಇಲ್ಲಿನ ಶಾಸನವೇ ಹೇಳುತ್ತದೆ. ಇಂಥ ಊರಿನ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಹವಳದ ಅಕ್ವೇರಿಯಂ ನೋಡಿ, ನೀಲಿ ಬೆಳಕಿನಲ್ಲಿ ಓಲಾಡುವ ಹವಳಗಳನ್ನೂ ಅವುಗಳ ನಡುವೆ ನುಸುಳುವ ಕಿತ್ತಳೆ ಮೀನುಗಳನ್ನೂ ನೋಡಿ, ‘ನಮ್ಮನೆ ಜಗಲಿಯಲ್ಲೂ ಇದನ್ನ ಮಾಡಬಹುದಾ?’ ಎಂದು ಕೇಳಿದಳು ಅಂತಿಟ್ಟುಕೊಳ್ಳಿ.

ಅರ್ಧ ಮಾಡಬಹುದು, ಅರ್ಧ ಮಾಡಬಾರದು. ಯಾವ ಅರ್ಧ ಮಾಡಬಹುದು, ಯಾವುದು ಬೇಡ, ಯಾಕೆ ಬೇಡ ಎಂದು ಈಗ ನೋಡೋಣ. ಬೇಡ ಅನ್ನುವ ಅರ್ಧವೂ ಸ್ವಾರಸ್ಯವಾದದ್ದೇ.

ಮೊದಲು ಹವಳ ಅಂದರೆ ಯಾರು ಅಂತ ತಿಳಿಯಬೇಕು. ಹೌದು, ‘ಯಾರು’ ಅಂತಲೇ ಕೇಳಬೇಕು. ಅಜ್ಜಿಯ ಕೊರಳಿನ ಕೆಂಪು ಹವಳದ ಸರ ನೋಡಿದವರಿಗೆ ಹವಳ ಒಂದು ಕಲ್ಲು ಅನ್ನಿಸಬಹುದು. ಅದು ಕಲ್ಲಲ್ಲ, ಒಂದು ಪ್ರಾಣಿಯ ಅಸ್ಥಿ. ಒಡವೆಯ ಕೆಂಪು ಹವಳ ಬೇರೆ ಜಾತಿಯದು, ಹೆಚ್ಚಾಗಿ ಮೆಡಿಟರೇನಿಯನ್ ಕಡಲಿನದು. ಬೆಚ್ಚಗಿನ ಕಡಲಲ್ಲಿ ದಿಬ್ಬ ಕಟ್ಟುವ ಹವಳಗಳು ಅದರ ದಾಯಾದಿಗಳು. ದಿಬ್ಬದ ಒಂದು ತುಣುಕನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೈತುಂಬ ಪುಟ್ಟ ಪುಟ್ಟ ಬಾಯಿಗಳು ಕಾಣುತ್ತವೆ. ಪ್ರತಿ ಬಾಯಿಯ ಸುತ್ತ ಒಂದು ಸುತ್ತು ಕೈಗಳು. ಈ ಬಾಯಿ, ಕೈ, ಹೊಟ್ಟೆ ಸೇರಿದ್ದಕ್ಕೆ ಪಾಲಿಪ್ ಎನ್ನುತ್ತಾರೆ. ಅದಕ್ಕೆ ಕಣ್ಣಿಲ್ಲ, ಮಿದುಳಿಲ್ಲ, ಎದ್ದು ಓಡಲು ಕಾಲಿಲ್ಲ. ಕೈಗಳಲ್ಲಿ ಕುಟುಕುವ ಕಣಗಳಿವೆ. ನೀರಿನಲ್ಲಿ ತೇಲಿಬರುವ ಸಣ್ಣ ಜೀವಿ ತಗುಲಿದರೆ ಕುಟುಕಿ ಬಾಯಿಗೆ ಹಾಕಿಕೊಳ್ಳುತ್ತದೆ. ತನ್ನ ಬುಡದಲ್ಲಿ ಸುಣ್ಣದ ಒಂದು ಬಟ್ಟಲನ್ನು ಕಟ್ಟಿಕೊಂಡು ಅದರಲ್ಲಿ ಕೂತಿರುತ್ತದೆ. ಸಾವಿರಾರು ವರ್ಷ ಇಂಥ ಬಟ್ಟಲುಗಳ ಮೇಲೆ ಬಟ್ಟಲು ಕೂಡಿದರೆ ಹವಳದ ದಿಬ್ಬ. ಲಕ್ಷದ್ವೀಪದಲ್ಲಿ ಜನ ಮನೆ ಕಟ್ಟಿ ಬದುಕಿರುವ ನೆಲ ಇಂಥ ಪ್ರಾಣಿಗಳು ಕಟ್ಟಿದ ಸುಣ್ಣವೇ.

ಆದರೆ ಬರೀ ಕೈಚಾಚಿ ಹಿಡಿದ ಊಟದಲ್ಲಿ ಅಷ್ಟೆಲ್ಲ ಕಟ್ಟಲು ಆಗುವುದಿಲ್ಲ. ಪಾಲಿಪ್‌ನ ಮೈಯೊಳಗೆ, ಜೀವಕೋಶಗಳ ಒಳಗೇ, ಬರಿಗಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬಿಸಿಲಿನಿಂದ ಸಕ್ಕರೆ ಮಾಡುತ್ತದೆ, ಅದರ ಬಹುಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತದೆ. ಹವಳ ಆ ಪಾಚಿಗೆ ಇರಲು ಜಾಗ ಕೊಡುತ್ತದೆ, ತಾನು ಬಿಟ್ಟ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಹವಳದ ಬಣ್ಣದಲ್ಲಿ ಕಂದು ಕಂಡರೆ ಅದು ಹೆಚ್ಚಾಗಿ ಈ ಪಾಚಿಯದೇ. ಈ ಪಾಚಿಯನ್ನು ನೆನಪಿಟ್ಟುಕೊಳ್ಳಿ. ಇವತ್ತಿನ ಮಾತಿನಲ್ಲಿ ಮತ್ತೆ ಮತ್ತೆ ಬರುವವರು ಕಣ್ಣಿಗೆ ಕಾಣದವರೇ. ಅಕ್ವೇರಿಯಂ ನೋಡುವವರು ಮೀನು ನೋಡುತ್ತಾರೆ. ಅದನ್ನು ನಡೆಸುವವರು ಮಾತ್ರ ಕಾಣದವರು.

ಕಡಲಿಲ್ಲದ ಊರಲ್ಲಿ ಹವಳ ಸಾಕುವ ಆಸೆ ಹೊಸದೂ ಅಲ್ಲ. 1846ರಲ್ಲಿ ಇಂಗ್ಲೆಂಡಿನ ಆನಾ ಥಿನ್ ಎಂಬಾಕೆ ಟಾರ್ಕೀ ಎಂಬ ಕಡಲೂರಿಗೆ ಹೋಗಿದ್ದವಳು, ಅಲ್ಲಿಯ ಬಂಡೆಗಳಲ್ಲಿ ಸಿಗುವ ಸಣ್ಣ ಹವಳಗಳನ್ನು ಒಂದು ಜಾಡಿಯಲ್ಲಿ ಇಟ್ಟುಕೊಂಡು ಲಂಡನ್ನಿಗೆ ಬಂದಳು. ದಾರಿಯಲ್ಲಿ ಅವು ಜಾಡಿಗೆ ಬಡಿಯದಿರಲೆಂದು ಸೂಜಿದಾರದಲ್ಲಿ ಸ್ಪಂಜಿಗೆ ಹೊಲಿದಿದ್ದಳು. ಲಂಡನ್ನಿನಲ್ಲಿ ಕಡಲ ನೀರು ದಿನಾ ಎಲ್ಲಿಂದ ತರುವುದು? ಇದ್ದ ನೀರನ್ನೇ ಹಾಳಾಗದಂತೆ ಕಾಯಬೇಕಾಯಿತು. ಮನೆಗೆಲಸದಾಕೆ ದಿನವೂ ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ ಮುಕ್ಕಾಲು ಗಂಟೆ ಸುರಿಯುತ್ತಿದ್ದಳು. ಸುರಿಯುವಾಗ ಗಾಳಿಯ ಆಮ್ಲಜನಕ ನೀರಿಗೆ ಸೇರುತ್ತದೆ. ಆಮೇಲೆ ಆನಾ ಕಡಲಪಾಚಿಯನ್ನೂ ತರಿಸಿ ಜೊತೆಗೆ ಇಟ್ಟಳು. ಬೆಳಕು ಬಿದ್ದಾಗ ಪಾಚಿಯೇ ಆಮ್ಲಜನಕ ಕೊಡತೊಡಗಿತು. ಹವಳಗಳು ವರ್ಷಗಟ್ಟಲೆ ಬದುಕಿದವು, ಮರಿ ಹಾಕಿದವು. ಕಡಲ ಅಕ್ವೇರಿಯಂನ ಇತಿಹಾಸ ಬರೆಯುವವರು ಆನಾ ಥಿನ್ ಹೆಸರು ಹೇಳುತ್ತಾರೆ, ಹೇಳಲೇಬೇಕು. ನನ್ನ ಲೆಕ್ಕದಲ್ಲಿ ಮಾತ್ರ ಜಗತ್ತಿನ ಮೊದಲ ಅಕ್ವೇರಿಯಂ ಪಂಪ್ ಆ ಕೆಲಸದಾಕೆಯ ಎರಡು ಕೈಗಳು.

ಈಗ ಜಗಲಿಗೆ ಬರೋಣ. ತೊಟ್ಟಿ ಎಷ್ಟು ದೊಡ್ಡದಿರಬೇಕು? ಸಣ್ಣದು ಸುಲಭ ಅನ್ನಿಸುತ್ತದೆ. ಆದರೆ ನೀರು ಕಡಿಮೆ ಇದ್ದಷ್ಟೂ ಅದು ಬೇಗ ಬಿಸಿಯಾಗುತ್ತದೆ, ಬೇಗ ಕೆಡುತ್ತದೆ. ಹೊಸಬರಿಗೆ ಉದ್ದ 90, ಅಗಲ 45, ಎತ್ತರ 45 ಸೆಂಟಿಮೀಟರ್‌ನ ತೊಟ್ಟಿ ಒಳ್ಳೆಯದು. ಪೆನ್ಸಿಲ್ ತೆಗೆದುಕೊಳ್ಳಿ. ಮೂರನ್ನೂ ಗುಣಿಸಿದರೆ 1,82,250 ಘನ ಸೆಂಟಿಮೀಟರ್. ಸಾವಿರ ಘನ ಸೆಂಟಿಮೀಟರ್‌ಗೆ ಒಂದು ಲೀಟರ್. ಅಂದರೆ ಅಂಚಿನವರೆಗೆ ತುಂಬಿದರೆ 182 ಲೀಟರ್. ಕಡಲ ನೀರು ಲೀಟರಿಗೆ ಒಂದು ಕಿಲೊಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಸುಮಾರು 1.025 ಕಿಲೊ. ನೀರೊಂದೇ 187 ಕಿಲೊ ಆಯಿತು. ಗಾಜು, ಮರಳು, ಕಲ್ಲು, ಕೆಳಗಿನ ಕಬ್ಬಿಣದ ಸ್ಟ್ಯಾಂಡ್ ಎಲ್ಲ ಸೇರಿದರೆ ಕಾಲು ಟನ್ ಮೀರುತ್ತದೆ. ಆದ್ದರಿಂದ ಹಳೆಯ ಮನೆಯ ಮರದ ಅಟ್ಟದ ಮೇಲೆ ಇಡುವ ಯೋಚನೆ ಬೇಡವೇ ಬೇಡ. ನೆಲ ಸಮವಾಗಿರಬೇಕು. ಕಿಟಕಿಯ ಬಿಸಿಲು ನೇರ ಬೀಳಬಾರದು. ಮಳೆಗಾಲದಲ್ಲಿ ಗೋಡೆ ತೇವ ಹಿಡಿಯುವ ಕಡೆ ಕರೆಂಟಿನ ಪ್ಲಗ್ ಇರಬಾರದು. ವೈರು ಪ್ಲಗ್ಗಿಗೆ ಹೋಗುವ ಮೊದಲು ಒಂದು ಸಲ ಕೆಳಗಿಳಿದು ಮೇಲೇರಬೇಕು. ವೈರಿನ ಗುಂಟ ಹರಿದ ನೀರು ಆಗ ಪ್ಲಗ್ ಮುಟ್ಟದೆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಕರೆಂಟಿನ ಕೆಲಸ ದೊಡ್ಡವರದು, ಮಕ್ಕಳ ಕೈ ಅಲ್ಲಿಗೆ ಹೋಗಬಾರದು.

ಇನ್ನು ಉಪ್ಪು. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಕರಗಿದೆ. 182 ಲೀಟರಿಗೆ ಎಷ್ಟಾಯಿತು? ಆರು ಕಿಲೊ ದಾಟಿತು. ‘ಅಷ್ಟೇ ತಾನೆ, ಅಂಗಡಿಯಿಂದ ಆರು ಪ್ಯಾಕೆಟ್ ಉಪ್ಪು ತಂದರಾಯಿತು’ ಅಂದರೆ ಕಡಲು ಒಪ್ಪುವುದಿಲ್ಲ. ಅಡುಗೆ ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್. ಕಡಲ 35 ಗ್ರಾಂನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಸುಮಾರು 30 ಗ್ರಾಂ. ಮಿಕ್ಕ ಐದು ಗ್ರಾಂನಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮತ್ತು ಚಿಟಿಕೆಗಿಂತ ಕಡಿಮೆ ಇರುವ ಎಷ್ಟೋ ವಸ್ತುಗಳಿವೆ. ಹವಳಕ್ಕೆ ಬೇಕಾದದ್ದು ಆ ಐದು ಗ್ರಾಂನಲ್ಲೇ ಇದೆ. ಸುಣ್ಣದ ಬಟ್ಟಲು ಕಟ್ಟಲು ಬೇಕಾದ ಕ್ಯಾಲ್ಸಿಯಂ ಲೀಟರಿಗೆ 0.4 ಗ್ರಾಂ ಮಾತ್ರ. ನಮ್ಮ ಇಡೀ ತೊಟ್ಟಿಯಲ್ಲಿ ಮುಕ್ಕಾಲು ಹಿಡಿಯಷ್ಟೂ ಇಲ್ಲ, 73 ಗ್ರಾಂ. ಅದಕ್ಕೇ ಅಕ್ವೇರಿಯಂಗೆಂದೇ ಬೆರೆಸಿದ ಕಡಲುಪ್ಪನ್ನು ತರಬೇಕು.

ಉಪ್ಪು ಕರಗಿಸುವ ನೀರೂ ಶುದ್ಧವಾಗಿರಬೇಕು. ಬಾವಿ, ಬೋರ್‌ವೆಲ್ ನೀರಿನಲ್ಲಿ ನೆಲದ ಲವಣಗಳು ಕರಗಿರುತ್ತವೆ, ಅವು ಎಷ್ಟೆಂದು ನಮಗೆ ಗೊತ್ತಿರುವುದಿಲ್ಲ. ಆದ್ದರಿಂದ ಆರ್‌ಒ ಯಂತ್ರದ ನೀರು ಬಳಸುತ್ತಾರೆ. ‘ನಮ್ಮೂರಲ್ಲಿ ಮಳೆ ಬೇಕಾದಷ್ಟು ಸುರಿಯುತ್ತದಲ್ಲ, ಮಳೆನೀರು ಆಗಲ್ವಾ?’ ಒಳ್ಳೆಯ ಪ್ರಶ್ನೆ. ಮೋಡದಿಂದ ಬೀಳುವಾಗ ಅದರಲ್ಲಿ ಲವಣ ಬಹಳ ಕಡಿಮೆ. ಮಾಡಿನ ಮೇಲೆ ಬಿದ್ದ ಮೇಲೆ ತೊಂದರೆ ಶುರು. ತಗಡಿನ ಮಾಡಾದರೆ ಸತು ಸೇರುತ್ತದೆ. ಹಿಡಿದ ನೀರನ್ನು ಬಚ್ಚಲಿನ ತಾಮ್ರದ ಹಂಡೆಯಲ್ಲಿ ತುಂಬಿಟ್ಟರೆ ಕೆಲಸ ಪೂರ್ತಿ ಕೆಟ್ಟಿತು. ನಮಗೆ ಏನೂ ಮಾಡದಷ್ಟು ತಾಮ್ರ ಸೀಗಡಿ, ಬಸವನಹುಳು, ಹವಳಗಳನ್ನು ಕೊಲ್ಲುತ್ತದೆ.

ಈಗ ಒಂದು ಒಗಟು. ತೊಟ್ಟಿಯಿಂದ ದಿನಕ್ಕೆ ಎರಡು ಲೀಟರ್ ನೀರು ಆವಿಯಾಗಿ ಹೋಗುತ್ತಿದೆ. ತುಂಬಿಸಬೇಕು. ಉಪ್ಪುನೀರು ಹಾಕಬೇಕೋ, ಸಿಹಿನೀರೋ? ಓದುವುದು ನಿಲ್ಲಿಸಿ ಒಂದು ನಿಮಿಷ ಯೋಚಿಸಿ. ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಉಪ್ಪುನೀರು ಹಾಕುತ್ತ ಹೋದರೆ ದಿನಕ್ಕೆ 70 ಗ್ರಾಂ ಉಪ್ಪು ಹೆಚ್ಚುತ್ತದೆ, ಹತ್ತು ದಿನದಲ್ಲಿ 700 ಗ್ರಾಂ. ಹೀಗೇ ಏರುತ್ತ ಹೋದರೆ ಮೀನು ತಡೆಯಲಾರದು. ಆದ್ದರಿಂದ ಹಾಕಬೇಕಾದ್ದು ಸಿಹಿನೀರು, ಅದೂ ದಿನಾ, ಸ್ವಲ್ಪ ಸ್ವಲ್ಪ. ಕಡಲು ಉಪ್ಪಾಗಿರುವುದರ ಹಿಂದೆಯೂ ಇದೇ ಲೆಕ್ಕ ಇದೆ. ನದಿಗಳು ನೆಲದಿಂದ ಚೂರು ಚೂರು ಲವಣ ತಂದು ಸುರಿದವು, ನೀರು ಆವಿಯಾಗಿ ಮೋಡವಾಗಿ ಮತ್ತೆ ಗುಡ್ಡಕ್ಕೆ ಬಂತು, ಲವಣ ಅಲ್ಲೇ ಉಳಿಯಿತು.

ಬೇಸಿಗೆಯಲ್ಲಿ ಇದು ಇನ್ನೂ ಜಟಿಲ. ಹವಳದ ಕಡಲಿನ ಮೀನುಗಳಿಗೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ಏಪ್ರಿಲ್‌ನಲ್ಲಿ ಶಿಕಾರಿಪುರದ ಕಡೆಯ ಸೆಕೆ ನಿಮಗೇ ಗೊತ್ತು. ನೀರಿನ ಮೇಲೆ ಫ್ಯಾನ್ ಗಾಳಿ ಬೀಸಿದರೆ ಆವಿಯಾಗುವುದು ಹೆಚ್ಚುತ್ತದೆ, ಆವಿಯಾಗುವಾಗ ನೀರಿನ ಬಿಸಿ ಹೀರಿಕೊಂಡು ಹೋಗುವುದರಿಂದ ತೊಟ್ಟಿ ಒಂದೆರಡು ಡಿಗ್ರಿ ತಣ್ಣಗಾಗುತ್ತದೆ. ಆದರೆ ಆವಿ ಹೆಚ್ಚಿದ್ದರಿಂದ ಉಪ್ಪು ಏರಿತು, ಸಿಹಿನೀರು ಹೆಚ್ಚು ಹಾಕಬೇಕಾಯಿತು. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ತಲೆ ಎತ್ತುವುದು ಈ ಕೆಲಸದ ಸ್ವಭಾವ. ನನಗಂತೂ ಇದರಲ್ಲಿ ಇಷ್ಟವಾಗುವುದೇ ಈ ಕೊಂಡಿಗಳು.

ಮಳೆಗಾಲದಲ್ಲಿ ಇನ್ನೊಂದು ಆತಂಕ. ಗಾಳಿಗೆ ಮರ ಬಿದ್ದು ಲೈನ್ ಹರಿಯಿತೆಂದರೆ ಮಲೆನಾಡಿನಲ್ಲಿ ಕರೆಂಟು ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಪಂಪ್ ನಿಂತರೆ ನೀರಿಗೆ ಆಮ್ಲಜನಕ ಸೇರುವುದು ಕುಗ್ಗುತ್ತದೆ. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, ಕಡಲ ನೀರು ಹಿಡಿದುಕೊಳ್ಳುವುದು ಏಳಕ್ಕೂ ಕಡಿಮೆ. ಬಿಸಿ ಹೆಚ್ಚಿದರೆ ಅದೂ ಇಲ್ಲ. ಬ್ಯಾಟರಿಯ ಗಾಳಿಪಂಪ್ ಒಂದನ್ನು ಮೊದಲೇ ತಂದಿಟ್ಟಿರಬೇಕು. ಅದೂ ಕೈಕೊಟ್ಟರೆ ಆ ಕೆಲಸದಾಕೆಯ ಉಪಾಯ ಇದ್ದೇ ಇದೆ, ಚೊಂಬಿನಲ್ಲಿ ಮೊಗೆದು ಮೇಲಿಂದ ಸುರಿಯುವುದು.

ನಾಗರಖಂಡದ ಮಕ್ಕಳಿಗೆ ತೊಟ್ಟಿಯ ಏರ್ಪಾಡು ಅರ್ಥವಾಗುವುದು ಕಷ್ಟವಿಲ್ಲ, ಕೆರೆ ನೋಡಿದವರು ನೀವು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಐದನೆಯ ಶತಮಾನದ ಕಂಬದ ಶಾಸನ ಇದೆಯಲ್ಲ, ಅದು ಕದಂಬರ ಕಾಕುತ್ಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಸೊರಬವಂತೂ ಕೆರೆಗಳ ತಾಲ್ಲೂಕು. ಕೆರೆ ತುಂಬಿದಾಗ ಹೆಚ್ಚಾದ ನೀರು ಏರಿಯನ್ನು ಒಡೆಯದೆ ಕೋಡಿಯಲ್ಲಿ ಹರಿದುಹೋಗುತ್ತದೆ. ಹವಳದ ತೊಟ್ಟಿಗೂ ಒಂದು ಕೋಡಿ ಇರುತ್ತದೆ. ಮೇಲಿನ ಅಂಚಿನಲ್ಲಿ ಕೊಯ್ದ ಹಲ್ಲುಗಳ ಮೂಲಕ ನೀರು ಕೊಳವೆಗೆ ಇಳಿದು, ಸ್ಟ್ಯಾಂಡಿನೊಳಗೆ ಅಡಗಿಸಿಟ್ಟ ಕೆಳತೊಟ್ಟಿಗೆ ಬರುತ್ತದೆ. ಅಲ್ಲಿ ಕೊಳೆ ತೆಗೆಯುವ ಸಲಕರಣೆ, ಹೀಟರ್, ಪಂಪ್ ಇರುತ್ತವೆ. ಪಂಪ್ ಅದೇ ನೀರನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ಕರೆಂಟು ಹೋದಾಗ ಏನಾಗುತ್ತದೆ? ಪಂಪ್ ನಿಂತರೂ ಕೋಡಿ ನಿಲ್ಲುವುದಿಲ್ಲ. ನೀರಿನ ಮಟ್ಟ ಕೋಡಿಯ ಹಲ್ಲಿಗಿಂತ ಕೆಳಗೆ ಇಳಿಯುವವರೆಗೂ ಸುರಿಯುತ್ತದೆ. ಎರಡು ಸೆಂಟಿಮೀಟರ್ ಇಳಿಯಿತೆನ್ನಿ. 90, 45, 2 ಗುಣಿಸಿ: ಎಂಟು ಲೀಟರ್! ಕೆಳತೊಟ್ಟಿಯಲ್ಲಿ ಅಷ್ಟು ಜಾಗ ಖಾಲಿ ಬಿಡದವರ ಜಗಲಿ ಉಪ್ಪುನೀರಿನ ಜಗಲಿ ಆಗುತ್ತದೆ. ತೊಟ್ಟಿ ಕೂರಿಸಿದ ದಿನವೇ ಒಂದು ಸಲ ಸ್ವಿಚ್ ಆರಿಸಿ ಇದನ್ನು ಪರೀಕ್ಷಿಸಿ ನೋಡಬೇಕು. ಮೀನು ಬರುವ ಮೊದಲು, ಬರೀ ಸಿಹಿನೀರಿನಲ್ಲಿ.

ನೀರು ತುಂಬಿತು, ಉಪ್ಪು ಸರಿಯಾಯಿತು, ಕಲ್ಲು ಜೋಡಿಸಿದ್ದಾಯಿತು. ನಾಳೆ ಮೀನು ತರೋಣವೇ? ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಈ ದಿನಕ್ಕೇ ಹುಟ್ಟಿದ ಹಾಗಿದೆ. ನಾಲ್ಕರಿಂದ ಆರು ವಾರ ಕಾಯಬೇಕು. ಯಾರಿಗಾಗಿ? ಕಾಣದವರಿಗಾಗಿ.

ಮೀನು ತಿಂದು ಹೊರಹಾಕುವುದರಲ್ಲಿ ಅಮೋನಿಯಾ ಇರುತ್ತದೆ. ಅದು ಮೀನಿಗೆ ವಿಷ. ಕಡಲಲ್ಲಿ ಅದು ಅಪಾರ ನೀರಿನಲ್ಲಿ ಕರಗಿ ಹೋಗುತ್ತದೆ. 182 ಲೀಟರಿನಲ್ಲಿ ಎಲ್ಲಿಗೆ ಹೋಗಬೇಕು? ಕೆಲವು ಬ್ಯಾಕ್ಟೀರಿಯಾಗಳಿಗೆ ಅಮೋನಿಯಾವೇ ಊಟ. ಅವು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಕೇಡು ಮಾಡುವುದಿಲ್ಲ, ಆಗಾಗ ಒಂದಿಷ್ಟು ನೀರು ಬದಲಾಯಿಸಿದರೆ ಹತೋಟಿಯಲ್ಲಿ ಇರುತ್ತದೆ. ಈ ಎರಡು ಮೆಟ್ಟಿಲಿನ ಕೆಲಸವನ್ನು 1890ರ ಸುಮಾರಿಗೆ ಬಿಡಿಸಿ ತೋರಿಸಿದವನು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಅವನು ನೋಡಿದ್ದು ಅಕ್ವೇರಿಯಂನಲ್ಲಲ್ಲ, ಮಣ್ಣಿನಲ್ಲಿ. ನಿಮ್ಮ ಅಡಿಕೆ ತೋಟದ ಗೊಬ್ಬರವನ್ನು ಗಿಡ ಹೀರುವಂತೆ ಮಾಡುವುದೂ ಇದೇ ಬಳಗ.

ಹೊಸ ತೊಟ್ಟಿಯಲ್ಲಿ ಇವು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ದಿನಕ್ಕೆ ಚಿಟಿಕೆ ಮೀನಿನ ಆಹಾರ ಹಾಕಿದರೆ ಅದು ಕೊಳೆತು ಅಮೋನಿಯಾ ಹುಟ್ಟುತ್ತದೆ, ಅದನ್ನು ತಿಂದು ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಅಂಗಡಿಯಲ್ಲಿ ಸಿಗುವ ಪರೀಕ್ಷೆಯ ಹನಿಗಳನ್ನು ಹಾಕಿ ಬಣ್ಣ ನೋಡಿ ಪಟ್ಟಿಯಲ್ಲಿ ಬರೆಯಬೇಕು. ಮೊದಲು ಅಮೋನಿಯಾ ಏರುತ್ತದೆ, ಇಳಿಯುತ್ತದೆ. ಆಮೇಲೆ ನೈಟ್ರೈಟ್ ಏರುತ್ತದೆ, ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಕಂಡ ದಿನ ತೊಟ್ಟಿ ತಯಾರು. ಈ ನಡುವೆ ಗಾಜಿಗೆಲ್ಲ ಕಂದು ಪುಡಿ ಹಿಡಿಯುತ್ತದೆ, ಆಮೇಲೆ ಹಸಿರು ಪಾಚಿ. ಮನೆಯವರು ‘ಗಲೀಜಾಯಿತು, ತೊಳೆದುಬಿಡು’ ಅನ್ನುತ್ತಾರೆ. ಗಾಜು ಒರೆಸಿ ಸಾಕು. ಕಲ್ಲು, ಮರಳು ತೊಳೆದರೆ ಇಷ್ಟು ದಿನ ಕಾದದ್ದೆಲ್ಲ ಚರಂಡಿಗೆ.

ಕಲ್ಲಿನ ಮಾತು ಬಂತು. 1950–60ರ ದಶಕಗಳಲ್ಲಿ ಇಂಡೊನೇಷ್ಯಾದ ಜಕಾರ್ತಾದಲ್ಲಿ ಲೀ ಚಿನ್ ಎಂಗ್ ಎಂಬಾತ ಕಡಲಿನಿಂದ ಕಲ್ಲುಗಳನ್ನು ಅವುಗಳ ಮೈಮೇಲಿನ, ಒಳಗಿನ ಜೀವಿಗಳ ಸಮೇತ ತಂದು ತೊಟ್ಟಿಯಲ್ಲಿ ಇಟ್ಟ. ಜೊತೆಗೆ ಬಿಸಿಲು, ಗಾಳಿಗುಳ್ಳೆ, ಅಷ್ಟೇ. ಬೇರೆಯವರ ತೊಟ್ಟಿಗಳಲ್ಲಿ ಸಾಯುತ್ತಿದ್ದ ಹವಳಗಳು ಅವನಲ್ಲಿ ಬದುಕಿದವು. ಕಾರಣ ಮತ್ತೆ ಕಲ್ಲಿನ ಸಣ್ಣ ತೂತುಗಳಲ್ಲಿದ್ದ ಬ್ಯಾಕ್ಟೀರಿಯಾ. ‘ಜೀವಂತ ಕಲ್ಲು’ ಎಂಬ ಮಾತು ಅಕ್ವೇರಿಯಂ ಲೋಕದಲ್ಲಿ ನಿಂತುಬಿಟ್ಟಿತು. ಈಗ ಕಡಲ ಕಲ್ಲು ಕೀಳುವುದು ಸರಿಯಲ್ಲ. ಕೃತಕವಾಗಿ ಮಾಡಿದ ತೂತು ತೂತಾದ ಕಲ್ಲು ತಂದು, ಅದಕ್ಕೆ ಜೀವ ಕೂಡುವುದನ್ನು ಕಾಯುವುದು ಉತ್ತಮ.

ಜೀವಂತ ಕಲ್ಲಿನ ಪುರಾತನ ವಂಶ ನೋಡಬೇಕೆಂದರೆ ಜಕಾರ್ತಾ ದೂರವಾಯಿತು. ಶಿವಮೊಗ್ಗದಿಂದ ಸಾಗರದ ರಸ್ತೆಯಲ್ಲಿ ಕುಂಸಿ ಇದೆಯಲ್ಲ, ಆ ಕಡೆಯ ಸುಣ್ಣಕಲ್ಲುಗಳಲ್ಲಿ ಭೂವಿಜ್ಞಾನಿಗಳು ಸ್ಟ್ರೊಮ್ಯಾಟೊಲೈಟ್‌ಗಳನ್ನು ಗುರುತಿಸಿದ್ದಾರೆ. ಆಳವಿಲ್ಲದ ಕಡಲಲ್ಲಿ ಸೂಕ್ಷ್ಮಜೀವಿಗಳು ಲೋಳೆಯ ಪದರವಾಗಿ ಹರಡಿಕೊಂಡು, ಪದರದ ಮೇಲೆ ಪದರ ಸುಣ್ಣ ಹಿಡಿದಿಟ್ಟು ಕಟ್ಟಿದ ದಿಬ್ಬಗಳು ಅವು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಆಗ ಮೀನಿರಲಿಲ್ಲ, ಹವಳವಿರಲಿಲ್ಲ, ಕಣ್ಣು ಬಾಯಿ ಇರುವ ಯಾವುದೂ ಇರಲಿಲ್ಲ. ಇವತ್ತಿನ ದಿಬ್ಬ ಕಟ್ಟುವ ಹವಳಗಳ ಮನೆತನ ಶುರುವಾಗಿ 24 ಕೋಟಿ ವರ್ಷ ಆಗಿರಬಹುದು, ಕುಂಸಿಯ ಕಲ್ಲಿನ ಮುಂದೆ ಅವು ನಿನ್ನೆ ಮೊನ್ನೆಯವು. ನಿಮ್ಮ ಜಿಲ್ಲೆಗೆ ಈಗ ಕಡಲಿಲ್ಲ ಎಂಬುದು ನಿಜ. ಒಂದು ಕಾಲಕ್ಕೆ ಕಡಲೇ ಇತ್ತು, ದಿಬ್ಬವೂ ಇತ್ತು, ಕಟ್ಟಿದವರು ಕಾಣದವರು.

ಇಲ್ಲಿಗೆ ಮಾಡಬಹುದಾದ ಅರ್ಧ ಮುಗಿಯುತ್ತ ಬಂತು. ಉಳಿದದ್ದು ಮೀನು. 182 ಲೀಟರಿಗೆ ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನು, ಒಂದೆರಡು ಸಣ್ಣ ಮೀನು, ಪಾಚಿ ತಿನ್ನುವ ಕೆಲವು ಬಸವನಹುಳು ಸಾಕು. ಕ್ಲೌನ್ ಮೀನನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವುದನ್ನು ನಮ್ಮ ವಿಜ್ಞಾನಿಗಳು ಕಲಿತಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೊದ ಕೇಂದ್ರವಿದೆ. ಅಲ್ಲಿ ತರಬೇತಾದ ದ್ವೀಪದ ಹೆಂಗಸರು ಅಲಂಕಾರದ ಸೀಗಡಿ, ಕ್ಲೌನ್ ಮೀನುಗಳನ್ನು ಬೆಳೆಸುತ್ತಾರೆ. ಕಡಲಿನಿಂದ ಹಿಡಿದ ಮೀನಿಗಿಂತ ಹೀಗೆ ತೊಟ್ಟಿಯಲ್ಲೇ ಹುಟ್ಟಿದ ಮೀನು ತೊಟ್ಟಿಗೆ ಬೇಗ ಹೊಂದಿಕೊಳ್ಳುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ರೂಪಾಯಿ’ ಅಲ್ಲ, ‘ಎಲ್ಲಿ ಹುಟ್ಟಿದ್ದು?’

ಕ್ಲೌನ್ ಮೀನಿನ ಮನೆಯ ನಿಯಮ ಕೇಳಿದರೆ ನಗು ಬರುತ್ತದೆ. ಮರಿಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದರದೇ ಯಜಮಾನಿಕೆ. ಆ ಹೆಣ್ಣು ಸತ್ತರೆ ಅದರ ಜೊತೆಗಾರ ಗಂಡು ಹೆಣ್ಣಾಗಿ ಬದಲಾಗುತ್ತದೆ, ಸರದಿಯಲ್ಲಿ ಮುಂದಿನದು ಗಂಡಿನ ಜಾಗಕ್ಕೆ ಬರುತ್ತದೆ. ಎರಡು ಮರಿ ತಂದು ಬಿಟ್ಟರೆ ಯಾವುದು ಹೆಣ್ಣಾಗಬೇಕೆಂದು ಅವೇ ತೀರ್ಮಾನಿಸಿಕೊಳ್ಳುತ್ತವೆ, ಒಂದಿಷ್ಟು ಗುದ್ದಾಟದ ನಂತರ.

ಮಾಡಬಾರದ ಅರ್ಧ ಹವಳ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನು, ಕಪ್ಪು ಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳನ್ನು ಅದರ ಮೊದಲನೆಯ ಅನುಸೂಚಿಗೆ ಸೇರಿಸಿದರು. ಹುಲಿ, ಆನೆ ಇರುವುದೂ ಅದೇ ಪಟ್ಟಿಯಲ್ಲಿ. ಹುಲಿಮರಿ ತಂದು ಜಗಲಿಯಲ್ಲಿ ಕಟ್ಟಿದರೆ ಏನು ತಪ್ಪೋ ಹವಳ ಕಿತ್ತು ತಂದರೂ ಅದೇ ತಪ್ಪು. ಅಂಗಡಿಯಲ್ಲಿ ಸಿಕ್ಕಿತು, ಯಾರೋ ಮಾರುತ್ತಿದ್ದಾರೆ ಅನ್ನುವುದು ಅನುಮತಿಯಾಗದು. ವಿದೇಶದ ವೀಡಿಯೊಗಳಲ್ಲಿ ಹವಳದ ತುಂಡುಗಳನ್ನು ಅಂಟಿಸಿ ಬೆಳೆಸುವುದನ್ನು ತೋರಿಸುತ್ತಾರೆ, ಅಲ್ಲಿಯ ಕಾನೂನು ಬೇರೆ. ಈ ವಿಷಯದಲ್ಲಿ ನನಗೆ ನಮ್ಮ ಕಾನೂನೇ ಸರಿ ಅನ್ನಿಸುತ್ತದೆ.

ಯಾಕೆಂದರೆ ಹವಳ ಈಗ ಕಷ್ಟದಲ್ಲಿದೆ. ನೀರು ಎಂದಿನ ಬೇಸಿಗೆಯ ಮಿತಿಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ, ಮೈಯೊಳಗಿನ ಆ ಪಾಚಿಯನ್ನು ಹವಳ ಹೊರದೂಡುತ್ತದೆ. ಪಾಚಿ ಹೋದರೆ ಬಣ್ಣ ಹೋಯಿತು, ಊಟವೂ ಹೋಯಿತು. ಬೆಳ್ಳಗೆ ಸುಣ್ಣ ಕಾಣುತ್ತದೆ. ಬೇಗ ತಂಪಾದರೆ ಪಾಚಿ ಮರಳುತ್ತದೆ, ಇಲ್ಲವಾದರೆ ಹವಳ ಹಸಿದು ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಬಿಳಿಚಿ ಬಹಳಷ್ಟು ಸತ್ತವು. ಜಗತ್ತಿನ ಕಡಲುಗಳಲ್ಲೆಲ್ಲ ಒಟ್ಟಿಗೇ ನಡೆದ ಇಂಥ ಬಿಳಿಚುವಿಕೆ ಆಮೇಲೂ ಮರುಕಳಿಸಿ, 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೆಯದನ್ನು ಘೋಷಿಸಿದರು. ತೊಟ್ಟಿಯಾದರೆ ಫ್ಯಾನ್ ಇಡಬಹುದು. ಕಡಲಿಗೆ?

ಹವಳವನ್ನು ಅದರ ಮನೆಯಲ್ಲೇ ನೋಡಬೇಕೆಂದರೆ ಕರ್ನಾಟಕದಲ್ಲೇ ಜಾಗ ಇದೆ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೊಮೀಟರ್ ಒಳಗೆ ನೇತ್ರಾಣಿ ದ್ವೀಪ. ಅದರ ಸುತ್ತ ನೀರೊಳಗೆ ಹವಳಗಳಿವೆ. ದೊಡ್ಡವರಾದ ಮೇಲೆ ಈಜು ಕಲಿತು ಮುಳುಗಿ ನೋಡಿ. ಮುಟ್ಟಬೇಡಿ, ಕಾಲೂರಬೇಡಿ.

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಸಲಹೆ ಏನೆಂದರೆ, ಮೊದಲ ವರ್ಷ ಸಿಹಿನೀರಿನ ತೊಟ್ಟಿ ಇಡಿ. ಉಪ್ಪಿನ ಖರ್ಚಿಲ್ಲ, ಬ್ಯಾಕ್ಟೀರಿಯಾದ ಪಾಠ ಅದೇ, ಕಾಯುವ ಪಾಠವೂ ಅದೇ. ಸಾಕಾಯಿತೆಂದು ಮೀನನ್ನು ಊರ ಕೆರೆಗೆ ಮಾತ್ರ ಬಿಡಬೇಡಿ. ‘ತೊಟ್ಟಿ ಕ್ಲೀನರ್’ ಎಂದು ಮಾರುವ ದಕ್ಷಿಣ ಅಮೆರಿಕದ ಮೀನು ಹೀಗೆ ಬಿಟ್ಟವರಿಂದಲೇ ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಬೀಡುಬಿಟ್ಟು ಅಲ್ಲಿಯ ಮೀನುಗಳಿಗೆ ಕಂಟಕವಾಗಿದೆ.

ಸಿಹಿನೀರಿನಲ್ಲೇ ಹವಳದ ಒಬ್ಬ ದಾಯಾದಿ ಇದ್ದಾನೆ, ಕಾನೂನಿನ ಅಡ್ಡಿಯೂ ಇಲ್ಲದವನು. ಹೆಸರು ಹೈಡ್ರಾ. ತಿಳಿನೀರಿನ ಕೆರೆ, ಹೊಂಡಗಳಲ್ಲಿ ಜಲಸಸ್ಯಗಳ ಎಲೆಗೆ ಅಂಟಿಕೊಂಡಿರುತ್ತದೆ. 1740ರಲ್ಲಿ ನೆದರ್ಲೆಂಡ್ಸಿನಲ್ಲಿ ಅಬ್ರಹಾಂ ಟ್ರೆಂಬ್ಲೆ ಎಂಬ ಮನೆಪಾಠದ ಮೇಷ್ಟ್ರು ತನ್ನ ಇಬ್ಬರು ಶಿಷ್ಯರ ಜೊತೆ ಹಳ್ಳದ ನೀರು ತಂದು ನೋಡುತ್ತಿದ್ದ. ಹೈಡ್ರಾ ಕಂಡಿತು. ಗಿಡವೋ ಪ್ರಾಣಿಯೋ ತಿಳಿಯಲಿಲ್ಲ. ಎರಡು ತುಂಡು ಮಾಡಿದ, ಪ್ರಾಣಿಯಾದರೆ ಸಾಯುತ್ತದೆ ಎಂದುಕೊಂಡ. ಎರಡು ತುಂಡೂ ಕೆಲವು ದಿನಗಳಲ್ಲಿ ಪೂರ್ತಿ ಹೈಡ್ರಾಗಳಾದವು! ಆದರೆ ಅದು ನಡೆಯುತ್ತಿತ್ತು, ಹಿಡಿದು ತಿನ್ನುತ್ತಿತ್ತು, ಪ್ರಾಣಿಯೇ ಆಗಿತ್ತು. ಯುರೋಪಿನ ವಿದ್ವಾಂಸರೆಲ್ಲ ಬೆರಗಾದರು.

ನೀವೂ ಹುಡುಕಬಹುದು. ದೊಡ್ಡವರೊಬ್ಬರನ್ನು ಕರೆದುಕೊಂಡು, ದಡದಿಂದಲೇ ಕೈಗೆ ಸಿಗುವ ಜಲಸಸ್ಯವನ್ನು ಅಲ್ಲಿಯದೇ ನೀರಿನ ಸಮೇತ ಗಾಜಿನ ಬಾಟಲಿಗೆ ಹಾಕಿ ತನ್ನಿ. ಬಿಸಿಲು ಬೀಳದ ಬೆಳಕಿನಲ್ಲಿ ಒಂದು ದಿನ ಅಲುಗಿಸದೆ ಇಡಿ. ಭೂತಗನ್ನಡಿಯಲ್ಲಿ ಎಲೆ, ಗಾಜು ಎಲ್ಲ ನಿಧಾನ ನೋಡಿ. ಕೆಲವು ಮಿಲಿಮೀಟರ್ ಉದ್ದದ ಎಳೆ, ತುದಿಯಲ್ಲಿ ಕೈಗಳು. ಬಾಟಲಿ ತಟ್ಟಿದರೆ ಮುದುಡಿ ಚುಕ್ಕೆಯಾಗುತ್ತದೆ. ಮೊದಲ ಸಲ ಸಿಗದಿದ್ದರೆ ಬೇರೆ ಹೊಂಡ ನೋಡಿ. ಹಸಿರು ಬಣ್ಣದ್ದು ಸಿಕ್ಕರೆ ಅದೃಷ್ಟ. ಅದರ ಮೈಯೊಳಗೂ ಹವಳದಂತೆ ಪಾಚಿ ಇರುತ್ತದೆ. ಪಕ್ಕದಲ್ಲಿ ಮೊಗ್ಗು ಮೂಡಿದ್ದರೆ ಅದು ಮರಿ, ಒಂದೆರಡು ದಿನದಲ್ಲಿ ಕಳಚಿ ಬೇರೆಯಾಗುತ್ತದೆ. ನೋಡಿ ಮುಗಿದ ಮೇಲೆ ತಂದ ಹೊಂಡಕ್ಕೇ ಎಲ್ಲವನ್ನೂ ವಾಪಸು ಬಿಡಿ. ಅದಕ್ಕೂ ಮೊದಲು ಕೈಗಳನ್ನು ಎಣಿಸಿ. ಟ್ರೆಂಬ್ಲೆ ಎಣಿಸಿದಾಗ ಎಲ್ಲ ಹೈಡ್ರಾಗಳಿಗೂ ಒಂದೇ ಲೆಕ್ಕ ಇರಲಿಲ್ಲ, ಇದು ಗಿಡ ಇರಬಹುದೆಂಬ ಅವನ ಅನುಮಾನಕ್ಕೆ ಅದೂ ಒಂದು ಕಾರಣ. ನಿಮ್ಮ ಹೊಂಡದವಕ್ಕೆ ಎಷ್ಟೆಷ್ಟು ಕೈ ಇವೆ, ತಾರೀಖು ಹಾಕಿ ಬರೆದಿಡಿ.